ಕೀಲಿ ಬಿದ್ದ ಭತ್ತ

ಯಮನೂರಮ್ಮನ ಮುಂದಿನ ಹಲ್ಲುಗಳು ಭತ್ತದ ಕಾಳಿನ ವಿಷಯದಲ್ಲಿ ಎಂದೂ ಸುಳ್ಳು ಹೇಳಿದವಲ್ಲ. ತೆನೆಯಿಂದ ಒಂದು ಕಾಳು ಕಿತ್ತು, ಉಗುರಿನಿಂದ ಸಿಪ್ಪೆ ಸೀಳಿ, ಹಲ್ಲಿನ ನಡುವೆ ಇಟ್ಟು ಸಣ್ಣಗೆ ಅದುಮಿದಳೆಂದರೆ ಮೂರು ಮಾತುಗಳಲ್ಲಿ ಒಂದು ಹೊರಬೀಳುತ್ತಿತ್ತು. ಹಾಲು. ಹಿಟ್ಟು. ಮೇಣ. ಹಾಲೆಂದರೆ ಕಾಳು ಇನ್ನೂ ಕುಡಿಯುತ್ತಿದೆ ಎಂದು. ಹಿಟ್ಟೆಂದರೆ ಅರ್ಧ ಹೊಟ್ಟೆ ತುಂಬಿದೆ ಎಂದು. ಮೇಣವೆಂದರೆ ಇನ್ನು ಅದಕ್ಕೆ ತಾಯಿ ಬೇಕಾಗಿಲ್ಲ, ಒಣಗಲು ಬಿಡಬಹುದು ಎಂದು. ಅವಳ ತಾಯಿಯೂ ಹೀಗೆಯೇ ಹೇಳುತ್ತಿದ್ದಳು, ತಾಯಿಯ ತಾಯಿಯೂ. ಆ ಮೂರು ಮಾತು ನಂಬಿಕೊಂಡು ಮುದೇನಹಾಳದ ಜನ ಕುಡುಗೋಲು ಮಸೆಯುತ್ತಿದ್ದರು.

ಅದೆಲ್ಲ ಭತ್ತ ತನ್ನಷ್ಟಕ್ಕೆ ತಾನು ಮಾಗುತ್ತಿದ್ದ ಕಾಲದ ಮಾತು. ಆ ಕಾಲ ಹೋಗಿ ಏಳು ವರ್ಷವಾಗಿತ್ತು.

ಪ್ರತಿ ಭತ್ತದ ಕಾಳಿನೊಳಗೂ ಒಂದು ಅಪ್ಪಣೆ ಇರುತ್ತದೆ. ಹೊಟ್ಟೆ ತುಂಬಿತು, ಇನ್ನು ಕುಡಿಯುವುದು ನಿಲ್ಲಿಸು, ಒಣಗು, ಗಟ್ಟಿಯಾಗು ಎನ್ನುವ ಅಪ್ಪಣೆ. ಅದನ್ನು ಬರೆದಿಟ್ಟಿರುವ ಜೀನುಗಳು ಯಾವುವು ಎಂದು ಕಂಪನಿಯ ವಿಜ್ಞಾನಿಗಳು ಪತ್ತೆ ಹಚ್ಚಿದರು. ಹಚ್ಚಿ, ಅವುಗಳ ಬಾಯಿಗೆ ಬೀಗ ಹಾಕಿದರು. ಬೀಗ ತೆಗೆಯುವುದು ಒಂದೇ ಒಂದು ದ್ರವ, ಅದು ಇರುವುದು ಕಂಪನಿಯ ಹತ್ತಿರ. ದ್ರವ ಸಿಂಪಡಿಸಿದ ಹನ್ನೆರಡು ದಿನಕ್ಕೆ ಇಡೀ ಗದ್ದೆ ಒಂದೇ ಸಮನೆ ಬಂಗಾರವಾಗುತ್ತದೆ. ಸಿಂಪಡಿಸದಿದ್ದರೆ ಕಾಳು ಮೇಣದ ಹದದಲ್ಲೇ ಹಸಿರಾಗಿ ನಿಂತು ಕಾಯುತ್ತದೆ, ಇಪ್ಪತ್ತು ದಿನದ ತನಕ. ಆಮೇಲೆ ಒಳಗೇ ಹುಳಿಯುತ್ತದೆ.

ಆ ಸೀಮೆಯಲ್ಲಿ ಬೀಗವೆಂದರೆ ಕೀಲಿ, ಭತ್ತವೆಂದರೆ ನೆಲ್ಲು. ಜನ ಅದನ್ನು ಕೀಲಿನೆಲ್ಲು ಎಂದು ಕರೆದರು, ದ್ರವವನ್ನು ಕೀಲಿನೀರು ಎಂದರು. ಮೊದಮೊದಲು ಕುಣಿದಾಡಿಯೇ ಬಿತ್ತಿದ್ದರು. ಅದರ ಹಿಂದಿನ ವರ್ಷ ಕೊಯ್ಲಿನ ಹೊತ್ತಿಗೆ ಎಂಟು ದಿನ ಮಳೆ ಜಡಿದು, ಮಾಗಿದ ತೆನೆಗಳು ನೆಲಕ್ಕೆ ಮಲಗಿ, ಕಾಳು ತೆನೆಯಲ್ಲೇ ಮೊಳಕೆ ಒಡೆದಿತ್ತು. ಕೀಲಿನೆಲ್ಲಿಗೆ ಆ ಭಯವಿರಲಿಲ್ಲ. "ಮಳಿ ಬಂದ್ರ ಬರವಲ್ದ್ಯಾಕ, ನಮ್ಮ ನೆಲ್ಲು ಬಾಗ್ಲ ಹಾಕ್ಕೊಂಡು ಒಳಗ ಕುಂತೈತಿ" ಎಂದು ಯಮನೂರಮ್ಮನ ಗಂಡ ಬಾಳಪ್ಪನೇ ಕಟ್ಟೆಯ ಮೇಲೆ ಕೂತು ನಗುತ್ತಿದ್ದ. ಬಾಗಿಲು ಹಾಕಿದ್ದು ಒಳಗಿನಿಂದಲ್ಲ, ಹೊರಗಿನಿಂದ ಎಂಬುದು ಅವನಿಗೆ ಆಗ ಹೊಳೆಯಲಿಲ್ಲ. ಯಾರಿಗೂ ಹೊಳೆಯಲಿಲ್ಲ. ಮೂರನೆಯ ವರ್ಷಕ್ಕೆ ಮಿಲ್ಲಿನವರು ಬೇರೆ ಭತ್ತ ಕೊಳ್ಳುವುದನ್ನೇ ನಿಲ್ಲಿಸಿದರು.

ಕಾಲುವೆಯ ತಲೆಯ ಊರಿನಲ್ಲಿ ಕಂಪನಿಯ ಮಾಗುಕೇಂದ್ರ ಎದ್ದಿತು. ಗೋಡೆಯಷ್ಟಗಲದ ಪರದೆಯ ಮೇಲೆ ಇಡೀ ಕಾಲುವೆ ನೀಲಿ ಗೆರೆಯಾಗಿ ಹರಿಯುತ್ತಿತ್ತು. ಅದರಿಂದ ಕವಲೊಡೆದ ಮೂವತ್ತೊಂದು ಉಪಕಾಲುವೆಗಳು, ಅವುಗಳ ಅಕ್ಕಪಕ್ಕ ಗದ್ದೆಗಳು. ಹಾಲಿನಲ್ಲಿರುವುದು ಹಸಿರು, ಕೀಲಿಗೆ ಸಿದ್ಧವಾದದ್ದು ಹಳದಿ, ಕೀಲಿ ತೆಗೆದದ್ದು ಕೆಂಪು. ಯಾವ ಗದ್ದೆ ಯಾವತ್ತು ಮಾಗಬೇಕು, ಯಾವ ಕೊಯ್ಲಿನ ಯಂತ್ರ ಎಲ್ಲಿಗೆ ಹೋಗಬೇಕು, ಯಾವ ಮಿಲ್ಲಿಗೆ ಎಷ್ಟು ಲಾರಿ, ಎಲ್ಲವನ್ನೂ ಪರದೆಯ ಹಿಂದಿನ ಗಣಕಯಂತ್ರವೇ ತೀರ್ಮಾನಿಸುತ್ತಿತ್ತು. ಆ ಯಂತ್ರಕ್ಕೆ ಹದ ಕಲಿಸಲು ಕಂಪನಿಯವರು ಹುಡುಕಿಕೊಂಡು ಬಂದದ್ದು ಯಮನೂರಮ್ಮನ ಹಲ್ಲನ್ನು. ಆರು ವರ್ಷದ ಹಿಂದೆ ಒಂದು ಹಂಗಾಮಿನಲ್ಲಿ ಅವಳು ಹದಿನೆಂಟು ಸಾವಿರ ಕಾಳು ಕಚ್ಚಿದ್ದಳು. ಅವಳು ಕಚ್ಚುವುದು, ಮಾತು ಹೇಳುವುದು, ಯಂತ್ರ ಅದೇ ಗದ್ದೆಯ ಬಣ್ಣ ನೋಡಿ ನೆನಪಿಟ್ಟುಕೊಳ್ಳುವುದು. ಕಾಳು ಮೇಣಕ್ಕೆ ಬಂದಾಗ ತೆನೆಯ ಕೆಳಗಿನ ಗರಿಯ ತುದಿ ಸಣ್ಣಗೆ ಅರಿಶಿನಕ್ಕೆ ತಿರುಗುತ್ತದೆ. ಕಡೆಗೆ ಯಂತ್ರ ಆ ಅರಿಶಿನವನ್ನು ಗುರುತು ಹಿಡಿಯಿತು. ಅಂದಿನಿಂದ ಅವಳ ಕೆಲಸ ಯಂತ್ರ ತಪ್ಪುತ್ತದೆಯೇ ಎಂದು ನೋಡುವುದು. ಹಂಗಾಮು ಮುಗಿಯುವ ತನಕ ಅಲ್ಲೇ ಉಳಿದು, ದಿನವೂ ಬೆಳಿಗ್ಗೆ ಸ್ಟೂಲಿನ ಮೇಲೆ ಕೂತು, ಜೀಪಿನಲ್ಲಿ ಬಂದ ತೆನೆಗಳಿಂದ ಕಾಳು ಕಚ್ಚಿ, ಮಾತು ಹೇಳಿ, ಡಬ್ಬಿಗೆ ಉಗುಳುವುದು.

ಸೀಗೆ ಹುಣ್ಣಿಮೆ ಆದ ಹದಿನೆಂಟನೆಯ ದಿನ ಅವಳ ಮುಂದೆ ಬಂದ ತೆನೆಯ ಚೀಲದ ಮೇಲೆ ಮೂವತ್ತೊಂದು ಎಂದು ಬರೆದಿತ್ತು. ಕಟ್ಟಕಡೆಯ ಉಪಕಾಲುವೆ. ಮುದೇನಹಾಳ. ಅವಳದೇ ಊರು.

ಕಚ್ಚಿದಳು. ತುಟಿಯ ಮೇಲೆ ತೆಳ್ಳಗಿನ ಹಾಲು ಹರಿಯಿತು.

"ಹಾಲು" ಎಂದಳು. ಕಂಪ್ಯೂಟರಿನ ಮುಂದೆ ಕೂತಿದ್ದ ಶಾಹೀನಾ ತಲೆ ಅಲ್ಲಾಡಿಸಿದಳು. ಯಮನೂರಮ್ಮ ಇನ್ನೂ ನಾಲ್ಕು ಕಚ್ಚಿದಳು. ಹಾಲು, ಹಾಲು, ಹಾಲು, ಹಾಲು. ಆಶ್ಚರ್ಯವೇನೂ ಇರಲಿಲ್ಲ. ಆ ವರ್ಷ ಕಡೆಭಾಗಕ್ಕೆ ನೀರು ತಲುಪುವ ಹೊತ್ತಿಗೆ ತಲೆಭಾಗದವರ ನಾಟಿ ಮುಗಿದು ಇಪ್ಪತ್ತೆರಡು ದಿನವಾಗಿತ್ತು. ನಾಟಿ ತಡವಾದರೆ ಹಾಲೂ ತಡ.

ಬಾಯಿ ಒರೆಸಿಕೊಂಡು ಪರದೆಯ ಕಡೆ ನೋಡಿದಳು. ಮೂವತ್ತೊಂದರ ಎಡಕ್ಕೆ ಬಲಕ್ಕೆ ಒಂದೇ ಒಂದು ಹಸಿರು ಚುಕ್ಕೆ ಇರಲಿಲ್ಲ. ಹಳದಿ, ಹಳದಿ, ಹಳದಿ. ಪಕ್ಕದಲ್ಲಿ ಅಂಕಿ ಮಿನುಗುತ್ತಿತ್ತು: ನಾಳೆ ಬೆಳಿಗ್ಗೆ ಏಳು ಗಂಟೆ.

ಕೀಲಿನೀರಿಗೆ ಒಂದು ಕೆಟ್ಟ ಗುಣವಿತ್ತು. ಅದು ಕಾಳಿನ ಹೊಟ್ಟೆ ತುಂಬಿದೆಯೋ ಇಲ್ಲವೋ ಎಂದು ಕೇಳುತ್ತಿರಲಿಲ್ಲ. ಹಾಲಿನಲ್ಲಿದ್ದಾಗ ಬಿದ್ದರೂ ಬೀಗ ತೆರೆಯುತ್ತಿತ್ತು. ತಾಯಿಗಿಡ ಹೊಕ್ಕುಳಬಳ್ಳಿ ಕಡಿದುಕೊಳ್ಳುತ್ತಿತ್ತು. ಅರೆಹೊಟ್ಟೆಯ ಕಾಳು ಹಾಗೇ ಒಣಗಿ ಒಳಗೆ ಸುಣ್ಣದಂತೆ ಬೆಳ್ಳಗಾಗಿ, ಮಿಲ್ಲಿಗೆ ಹಾಕಿದರೆ ನುಚ್ಚಾಗಿ ಉದುರುತ್ತಿತ್ತು. ಮಿಲ್ಲಿನವರು ಅದಕ್ಕೆ ಹೊಟ್ಟೆಬಿಳುಪು ಎಂದು ಹೆಸರಿಟ್ಟು ಗೇಟಿನಿಂದಲೇ ಹಿಂದಕ್ಕೆ ಕಳಿಸುತ್ತಿದ್ದರು. ಕೋಳಿಗೆ ಹಾಕಬೇಕು, ಅಷ್ಟೆ.

ಯಮನೂರಮ್ಮ ಸ್ಟೂಲಿನಿಂದ ಎದ್ದು ನೇರ ವ್ಯವಸ್ಥಾಪಕ ಸೂಗರೆಡ್ಡಿಯ ಗಾಜಿನ ಕೋಣೆಗೆ ಹೋದಳು. ಒಳಗೆ ಡಾಕ್ಟರ್ ವಸುಮತಿಯೂ ಇದ್ದಳು. ಭತ್ತಕ್ಕೆ ಬೀಗ ಹಾಕಿದ ತಂಡದ ಹಿರಿಯಳು, ಶಿವಮೊಗ್ಗೆಯ ಕಡೆಯವಳು. ಊರವರಿಗೆ ಅವಳು ಕಾಳಿನ ಡಾಕ್ಟ್ರು. ಮೊದಲ ಸಲ ಊರಿಗೆ ಬಂದಾಗ ಮೂರು ಜನ ಮೊಣಕಾಲು ನೋವಿಗೆ ಗುಳಿಗೆ ಕೇಳಿದ್ದರು.

"ಸಾಹೇಬ್ರ, ಮೂವತ್ತೊಂದಕ್ಕ ನಾಳೆ ಕೀಲಿನೀರು ಅಂತ ತೋರಸ್ಲಿಕತ್ತೈತಿ. ಅದು ಇನ್ನಾ ಹಾಲೈತಿ."

"ಯಾರು ಹೇಳಿದ್ರು?"

"ನನ್ನ ಹಲ್ಲು ಹೇಳ್ತು."

ಸೂಗರೆಡ್ಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಯಮನೂರಮ್ಮ, ಅಲ್ಲಿ ಬದುವಿನ ಮ್ಯಾಲೆ ಮೂವತ್ತೊಂಬತ್ತು ಕಂಬ ನಿಂತಾವು. ಒಂದೊಂದಕ್ಕ ಒಂದೊಂದು ಕಣ್ಣು. ಹದಿನೆಂಟು ದಿನದಿಂದ ಒಂದ ಸಮ ಹಳದಿ ಹಳದಿ ಅಂತ ಬಡಕೊಳ್ಳಾಕತ್ತಾವು. ಮೂವತ್ತೊಂಬತ್ತು ಕಣ್ಣು ಸುಳ್ಳು, ನಿನ್ನ ಎರಡು ಹಲ್ಲು ಖರೆ?"

"ಹೌದ್ರಿ."

"ಹಲ್ಲಿಗೂ ವಯಸ್ಸಾಗತೈತಿ ಬೇ."

"ವಯಸ್ಸಾಗಿದ್ರ ದಿನಾ ಇಲ್ಲಿ ಯಾಕ ಕುಂದರಸೀರಿ ನನ್ನ? ನಾ ಹೇಳಿದ್ದು ಆ ಹುಡುಗಿ ದಿನಾ ಬರಕೊಳ್ತಾಳಲ್ಲ, ಅದು ಯಂತ್ರಕ್ಕ ಹೋಗೂದಿಲ್ಲೇನು?"

ವಸುಮತಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಬಾಗಿಲ ಹತ್ತಿರ ಬಂದು ನಿಂತಿದ್ದ ಶಾಹೀನಾ ಕೆಳಗೆ ನೋಡಿಕೊಂಡು, "ಎರಡು ಹಂಗಾಮಾತು ಅಮ್ಮಾ, ಹಲ್ಲಿನ ಮಾತು ಯಂತ್ರಕ್ಕ ಕೊಡಬ್ಯಾಡ ಅಂದಾರ" ಎಂದಳು.

"ಹೊರಗಿನೋರು ನೋಡಾಕ ಬರ್ತಾರ" ಎಂದ ಸೂಗರೆಡ್ಡಿ. "ಹಳೇ ವಿದ್ಯಾ ಅಂತ ಫೋಟೋ ತಕ್ಕೋತಾರ. ಅದಕ್ಕ ನಿನ್ನ ಇಟ್ಟೀವಿ. ಕುಂತು ಉಣ್ಣೂದು ಬಿಟ್ಟು ಯಾಕ ತಲಿ ಕೆಡಿಸ್ಕೋತೀ?"

ಯಮನೂರಮ್ಮ ಮನಸ್ಸಿನಲ್ಲೇ ಎಣಿಸಿದಳು. ಎರಡು ಹಂಗಾಮು. ಹಬ್ಬ ಬಿಟ್ಟು, ಮೊಮ್ಮಗಳ ತೊಟ್ಟಿಲು ಬಿಟ್ಟು, ಜ್ವರ ಬಂದ ದಿನವೂ ಬಾಯಿ ಮುಕ್ಕಳಿಸಿ ಬಂದು ಕೂತಿದ್ದಳು. ಬಾಯಿಯ ರುಚಿ ಕೆಡಬಾರದೆಂದು ಎಲೆ ಅಡಿಕೆ ಬಿಟ್ಟಿದ್ದಳು.

"ಹಂಗಾರ ಎರಡು ಹಂಗಾಮು ನಾ ಕಚ್ಚಿದ್ದೆಲ್ಲಾ ಉಗುಳೂ ಡಬ್ಬಿಗೇ ಹೋತೇನ್ರಿ?"

ವಸುಮತಿ ತಿರುಗಿದಳು. "ಸರ್, ಕಂಬದ ಕಣ್ಣಿಗೆ ಏನೋ ಆಗಿರಬಹುದು. ಇವರು ಹೋಗಿ ನೋಡಲಿ. ಸಂಜೆಯೊಳಗೆ ಕಣ್ಣು ಹಸಿರು ತೋರಿಸಿದರೆ ಪಟ್ಟಿಯಿಂದ ತೆಗೆಯೋಣ."

"ಕಣ್ಣು ಹಸಿರು ಅನ್ಲಿ, ತೆಗೀತೀನಿ" ಎಂದ ಸೂಗರೆಡ್ಡಿ. ಸುಲಭವಾಗಿ ಹೇಳಿದ.

ಬಸ್ಸು ಇಳಿದು ಯಮನೂರಮ್ಮ ಮನೆಗೆ ಹೋಗದೆ ಗದ್ದೆಗೆ ನಡೆದಳು. ಬಾಳಪ್ಪ ಬದುವಿನ ಮೇಲೆ ಕೂತು ರೊಟ್ಟಿ ಗಂಟು ಬಿಚ್ಚುತ್ತಿದ್ದ. ಅವನ ಪಕ್ಕದಲ್ಲೇ ಕಂಬ. ಎದೆಮಟ್ಟದ ಕಬ್ಬಿಣದ ಕಂಬ, ತುದಿಯಲ್ಲಿ ಗಾಜಿನ ಕಣ್ಣು. ಕಂಬಕ್ಕೆ ಸುಣ್ಣದ ಪಟ್ಟಿ, ಅದರ ಮೇಲೆ ಕುಂಕುಮ, ಕೊರಳಿಗೆ ಒಣಗಿದ ಚೆಂಡುಹೂವಿನ ಸರ. ಗಾಜಿನ ಮೇಲೆ ನುಣ್ಣಗೆ, ದಪ್ಪಗೆ, ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಬಳಿದ ಅರಿಶಿನ.

"ಅಯ್ಯ ನನ್ನ ಕರ್ಮವೇ! ಇದೇನ್ ಮಾಡೀರಿ!"

ಬಾಳಪ್ಪ ಗಾಬರಿಯಾಗಿ ರೊಟ್ಟಿ ಕೆಳಗಿಟ್ಟ. "ಯಾಕಬೇ, ಹಾವೇನು?"

"ಕಣ್ಣಿಗೆ ಅರಿಷಿಣ ಯಾರು ಹಚ್ಚಿದ್ರು?"

"ನಾನ ಹಚ್ಚೀನಿ. ಹುಣ್ಣಿಮಿಗೆ ಪೂಜಿ ಮಾಡಬೇಕಲ್ಲ. ನೀ ಕಂಪನ್ಯಾಗ ಕುಂತಿ, ಮನೀಗೆ ಬರಲಿಲ್ಲ. ಹೊಲ ಬಸುರಿ ಇದ್ದಾಗ ಸುಮ್ನ ಬಿಡಾಕ ಆಕ್ಕತೇನು?"

"ಪೂಜಿ ಬದುವಿನ ಐದು ದೇವರ ಕಲ್ಲಿಗೆ ಅಲ್ಲೇನು ಮಾಡೂದು?"

"ಕಲ್ಲು ಎಲ್ಲ್ಯದಾವು?" ಈಗ ಬಾಳಪ್ಪನ ದನಿಯೂ ಏರಿತು. "ಬ್ಯಾಸಿಗ್ಯಾಗ ನಿಮ್ಮ ಕಂಪನಿಯೋರು ಬಂದು ಐದೂ ಕಿತ್ತು ಒಗದು, ಅದಾ ಕುಣ್ಯಾಗ ಈ ಕಂಬ ಹುಗದು ಹೋದ್ರು. ಆ ಮೂಲಿಗೆ ನೇಗಿಲು ಹೋಗಾಂಗಿಲ್ಲ, ಕಂಬ ಅಳಗಾಡಾಂಗಿಲ್ಲ ಅಂದ್ರು. ನಮ್ಮ ಮುತ್ತಜ್ಜನ ಕಾಲದಿಂದ ಪೂಜಿ ಅಲ್ಲೇ. ಕಲ್ಲಿಲ್ಲ, ಕಂಬ ಐತಿ. ಕಂಬಕ್ಕ ಮಾಡಿದೆ. ನಾ ಒಬ್ಬನ ಏನು, ಊರಾಗ ಎಲ್ಲಾರೂ ಅಷ್ಟ ಮಾಡ್ಯಾರ."

"ಕಣ್ಣಿಗೆ ಯಾಕ ಬಡಿದ್ರಿ?"

"ದೇವರಿಗೆ ಮೊದ್ಲು ಕಣ್ಣು ಬರಿಯೂದು. ಇದಕ್ಕ ಅವರ ಇಟ್ಟು ಕಳಿಸಿದ್ರು. ಮೊದಲ ಅರಿಷಿಣ ಕಣ್ಣಿಗೇ."

ಯಮನೂರಮ್ಮ ಬದುವಿನ ಮೇಲೆ ಕೂತಳು. ಬಸುರಿ ಹೊಲದ ಬಯಕೆ ತೀರಿಸುವ ಹುಣ್ಣಿಮೆಯ ದಿನ ಊರಿಗೆ ಊರೇ ಬೆಳಗಾಗೆದ್ದು, ಬುತ್ತಿ ಹೊತ್ತು, ಕಡುಬು ಪುಂಡಿಪಲ್ಯ ಗದ್ದೆಯೊಳಗೆ ಎಸೆದು "ಹುಲ್ಲುಲಿಗ್ಯೋ" ಎಂದು ಕೂಗಿ, ಭಕ್ತಿಯಿಂದ ಮೂವತ್ತೊಂಬತ್ತು ಕಣ್ಣುಗಳನ್ನೂ ಕಟ್ಟಿಹಾಕಿತ್ತು. ನಗಬೇಕೋ ಅಳಬೇಕೋ ತಿಳಿಯದೆ ಅವಳು ಸೆರಗಿನ ತುದಿ ಕಾಲುವೆಯ ನೀರಿನಲ್ಲಿ ಅದ್ದಿ ಗಾಜು ತಿಕ್ಕತೊಡಗಿದಳು. "ಆ ಕಲ್ಲು ಎಲ್ಲಿ ಒಗದಾರ?"

"ನಮ್ಮವು ಆರಿಸಿ ತಂದೀನಿ. ಎತ್ತಿನ ಗ್ವಾದ್ಲ್ಯಾಗ ಅದಾವು."

ನಾಟಿಯ ಗುಂಪಿನ ಹೆಂಗಸರನ್ನೆಲ್ಲ ಕರೆಸಿ, ಸೀಗೆಪುಡಿ ಹಾಕಿ, ಹೊತ್ತು ಮುಳುಗುವುದರೊಳಗೆ ಮೂವತ್ತೊಂಬತ್ತೂ ಕಣ್ಣು ತೊಳೆದರು. ಗುಂಪಿನ ಮುಂದಾಳು ದ್ಯಾಮವ್ವ ಸುಮ್ಮನೆ ತೊಳೆಯುವ ಪೈಕಿಯಲ್ಲ. "ನನ್ನ ಗಂಡನ ಮಾರಿ ಒಂದಿನ ಹಿಂಗ ತಿಕ್ಕಿ ತೊಳಿದಿಲ್ಲ ನಾನು. ಈ ಕಂಬಕ್ಕ ಬಂದೈತಿ ನೋಡು ಪುಣ್ಯ" ಎಂದಳು. ಹೆಂಗಸರು ನಕ್ಕರು. ಗಾಜುಗಳು ಸಂಜೆಯ ಬೆಳಕಿಗೆ ಫಳಫಳ ಹೊಳೆದವು. ಮುಂದೆ ಎದೆಯುದ್ದ ಹಸಿರು ನಿಂತಿತ್ತು, ಯಾವ ಕುರುಡನಿಗೂ ಕಾಣುವಂಥ ಹಸಿರು.

ಯಮನೂರಮ್ಮ ವಸುಮತಿಗೆ ಫೋನು ಹಚ್ಚಿದಳು. "ಮೇಡಂ, ಕಣ್ಣು ತೊಳದೀವಿ. ನೋಡ್ರಿ ಈಗ."

"ನೋಡುತ್ತಾ ಇದ್ದೇನೆ." ಆಚೆಯ ದನಿ ಸಣ್ಣದಾಗಿತ್ತು. "ಕಣ್ಣುಗಳು ಹಸಿರು ಅಂತಲೇ ಹೇಳುತ್ತಿವೆ. ಯಂತ್ರ ಅದನ್ನು ತೆಗೆದುಕೊಳ್ಳುತ್ತಿಲ್ಲ ಯಮನೂರಮ್ಮ. ಕಸ ಅಂತ ಎಸೆಯುತ್ತಿದೆ."

"ಯಾಕ?"

"ಹಳದಿಯಾದದ್ದು ತಿರುಗಿ ಹಸಿರಾಗುವುದಿಲ್ಲ ಅಂತ ಅದಕ್ಕೆ ಹೇಳಿಕೊಟ್ಟಿದ್ದೇವೆ. ಮೇಣವಾದ ಕಾಳು ಮತ್ತೆ ಹಾಲಾಗುತ್ತದೆಯೇ ಅಂತ ಮೊದಲನೇ ವರ್ಷ ನಾನು ನಿಮ್ಮನ್ನ ಕೇಳಿದ್ದೆ. ನೆನಪಿದೆಯಾ?"

ನೆನಪಿತ್ತು. ಅವಳು ಬಿದ್ದು ಬಿದ್ದು ನಕ್ಕು, "ಮುದುಕಿ ತಿರುಗಿ ಕೂಸಾಗ್ತಾಳೇನ್ರಿ?" ಎಂದಿದ್ದಳು. ಅಲ್ಲಿದ್ದವರೆಲ್ಲ ನಕ್ಕಿದ್ದರು. ನಕ್ಕು, ಬರೆದುಕೊಂಡಿದ್ದರು.

"ಅದನ್ನ ತೆಗೀರಿ ಮತ್ತ."

"ಸೂಗರೆಡ್ಡಿಯವರ ಒಪ್ಪಿಗೆ ಬೇಕು. ಕೇಳಿದೆ. ಡ್ರೋನುಗಳಿಗೆ ಕೀಲಿನೀರು ತುಂಬಿಸಿ ಆಯಿತು, ಯಂತ್ರದ ಪ್ರಕಾರ ಅದು ಮಾಗಿದೆ, ನನಗೆ ಅಷ್ಟು ಸಾಕು ಅಂದರು. ತಲೆಭಾಗದ ಕೊಯ್ಲು ಮುಗಿದು ಮಿಲ್ಲುಗಳು ಬಾಯಿ ತೆರೆದು ಕೂತಿವೆ. ಅವರಿಗೆ ಲಾರಿ ಬೇಕು, ಗೇಟಿನಿಂದ ಹಿಂದಕ್ಕೆ ಬಂದರೆ ನಷ್ಟ ಕಂಪನಿಯದಲ್ಲ."

"ನೀವ ಅಲ್ಲೇನ್ರಿ ಆ ಕೀಲಿ ಮಾಡಿದೋರು?"

"ಬೀಗ ಮಾಡಿದ್ದು ನಾನು" ಎಂದಳು ವಸುಮತಿ. "ಕೀಲಿಕೈ ನನ್ನ ಹತ್ತಿರ ಇಲ್ಲ."

ಯಮನೂರಮ್ಮ ಫೋನಿಟ್ಟಳು. ಮೂರ್ಖತನ ತಮ್ಮೂರಿನದು, ಒಪ್ಪಬೇಕಾದ ಮಾತೇ. ಕಣ್ಣು ತೊಳೆದು, ಆ ತಪ್ಪು ತಿದ್ದಿಯೂ ಆಗಿತ್ತು. ಹಸಿರು ಕಣ್ಣೆದುರಿಗೆ ಇದೆ, ಅದನ್ನು ಕಂಡೂ ಕಸದ ಬುಟ್ಟಿಗೆ ಹಾಕುವವನ ಮೂರ್ಖತನಕ್ಕೆ ಯಾವ ಸೀಗೆಪುಡಿ ಹಾಕಿ ತೊಳೆಯುವುದು? ಅದು ಮೂರ್ಖತನವೂ ಅಲ್ಲವೆಂದು ಅವಳಿಗೆ ಗೊತ್ತಿತ್ತು. ಮುದೇನಹಾಳ ನುಚ್ಚಾದರೆ ಯಾರ ಹೊಟ್ಟೆಯೂ ಬೆಳ್ಳಗಾಗುವುದಿಲ್ಲ, ಮುದೇನಹಾಳದ್ದೊಂದನ್ನು ಬಿಟ್ಟು.

ದ್ಯಾಮವ್ವನ ಕಡೆ ತಿರುಗಿ ಹೇಳಿದಳು. "ನಾಳೆ ಮುಂಜಾನೆ ಎಲ್ಲಾರೂ ಗದ್ಯಾಗ ಇಳೀಬೇಕು."

"ಕಳೆ ಎಲ್ಲೈತಿ ಈಗ?"

"ಕಳೆ ಏಳಕ್ಕ ಮ್ಯಾಲಿಂದ ಬರತೈತಿ."

ಒಂದು ವರ್ಷದ ಹಿಂದೆ ಬೇರೊಂದು ಊರಲ್ಲಿ, ಕಳೆ ಕೀಳುತ್ತಿದ್ದ ಹೆಂಗಸಿನ ಬೆನ್ನ ಮೇಲೆ ಕೀಲಿನೀರು ಬಿದ್ದು ಬೊಬ್ಬೆ ಎದ್ದಿದ್ದವು. ದೊಡ್ಡ ಗಲಾಟೆಯಾಗಿ, ಮನುಷ್ಯರ ಮೈಬಿಸಿ ಕಂಡರೆ ಡ್ರೋನು ನೀರು ಬಿಡಕೂಡದು, ಅವರು ಹತ್ತಿರವಿದ್ದರೆ ಮೇಲಕ್ಕೇ ಏಳಕೂಡದು ಎಂದು ಸರ್ಕಾರ ಅಪ್ಪಣೆ ಮಾಡಿತ್ತು. ಕಂಪನಿಯವರು ಆ ಬುದ್ಧಿಯನ್ನು ಡ್ರೋನುಗಳ ಒಳಗೇ ಕೂಡಿಸಿದ್ದರು. ಯಮನೂರಮ್ಮ ಕೇಂದ್ರದಲ್ಲಿ ಕೂತು ಕಾಳನ್ನಷ್ಟೇ ಕಚ್ಚಿರಲಿಲ್ಲ. ಕಿವಿಗೆ ಬಿದ್ದದ್ದನ್ನೂ ಕಚ್ಚಿ ಇಟ್ಟುಕೊಂಡಿದ್ದಳು.

ಏಳು ಗಂಟೆಗೆ ಹನ್ನೆರಡು ಡ್ರೋನುಗಳು ಕಾಲುವೆಯ ಏರಿಯ ಮೇಲಿಂದ ಜೇನುಹುಳದಂತೆ ಮೊರೆಯುತ್ತ ಬಂದವು. ಕೆಳಗೆ ನಲವತ್ತಾರು ಹೆಂಗಸರು, ನಾಟಿ ಹಚ್ಚುವಾಗ ನಿಲ್ಲುವ ಹಾಗೆಯೇ ಸಾಲುಹಿಡಿದು, ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದರು. ಡ್ರೋನುಗಳು ತಲೆಯ ಮೇಲೆ ಅಲುಗಾಡದೆ ನಿಂತವು. ಕೆಂಪು ದೀಪ ಮಿನುಗಿದವು. ಆಮೇಲೆ ಬಂದ ದಾರಿ ಹಿಡಿದವು.

"ಹೊಂಟ್ವು ನೋಡ್ರೇ, ಹೆಣ್ಣು ನೋಡಾಕ ಬಂದೋರು ಒಪ್ಪದ ಹೋದಂಗ!" ಎಂದು ದ್ಯಾಮವ್ವ ಕೂಗಿದಳು.

ಹತ್ತರ ಹೊತ್ತಿಗೆ ಸೂಗರೆಡ್ಡಿಯ ಜೀಪು ಬಂತು. ಅವನು ಬದುವಿನ ಮೇಲೆ ಬೂಟು ಕೆಸರಾಗದಂತೆ ಎಚ್ಚರದಿಂದ ನಿಂತ.

"ಏನು ನಾಟಕ ಇದು ಯಮನೂರಮ್ಮ?"

ಅವಳು ತೆನೆಯೊಂದನ್ನು ಕಿತ್ತು ಅವನತ್ತ ಚಾಚಿದಳು. "ಒಂದು ಕಾಳು ಕಚ್ಚಿ ನೋಡ್ರಿ. ಒಂದ ಒಂದು. ಹಾಲು ಬರಲಿಲ್ಲಂದ್ರ ಇಲ್ಲೇ ಎಲ್ಲಾರನ್ನೂ ಎಬ್ಬಿಸಿ ಕಳಸ್ತೀನಿ."

ಅವನು ತೆನೆಯನ್ನು ಮುಟ್ಟಲಿಲ್ಲ. "ಎಷ್ಟು ದಿನ ನಿಂದರ್ತೀರಿ ಹಿಂಗ?"

"ಹನ್ನೊಂದು ದಿನ. ಹನ್ನೊಂದಕ್ಕ ಮೇಣ ಆಗತೈತಿ. ಅವತ್ತು ನಾವ ಎದ್ದು ಹಾದಿ ಬಿಡ್ತೀವಿ."

"ಬಿಡ್ರಿ." ಸೂಗರೆಡ್ಡಿ ನಕ್ಕ. "ಹನ್ನೊಂದು ದಿನ ನಿಂದರ್ರಿ, ಇಪ್ಪತ್ತು ದಿನ ನಿಂದರ್ರಿ. ಪಾಳಿ ನಿಮ್ಮನ್ನ ಕಾಯೂದಿಲ್ಲ. ಈ ಮೂರು ದಿನ ತಪ್ಪಿದ್ರ ಮೂವತ್ತೊಂದರ ಪಾಳಿ ತಿರುಗಿ ಬರೂದು ಎರಡನೇ ಬೆಳೀಗೆ. ಅಲ್ಲೀತನ ನಿಮ್ಮ ಮೇಣ ಇಟ್ಟುಕೊಂಡು ಮೇಣದಬತ್ತಿ ಮಾಡ್ಕೋರಿ."

ಜೀಪು ಹೋಯಿತು. ಈ ಮಾತು ಯಮನೂರಮ್ಮನಿಗೂ ಹೊಸದು. ಹಾಲಿನಲ್ಲಿ ಕೀಲಿ ತೆಗೆಸಿಕೊಂಡು ನುಚ್ಚಾಗಬೇಕು, ಇಲ್ಲವೇ ತುಂಬಿದ ಹೊಟ್ಟೆಯಲ್ಲಿ ಬೀಗ ಬಿದ್ದು ಕೊಳೆಯಬೇಕು.

"ಈಗ ಏನು ಮಾಡೂದಬೇ?" ಎಂದು ಯಾರೋ ಕೇಳಿದರು.

"ಮೊದ್ಲು ಹೊಟ್ಟಿ ತುಂಬಲಿ" ಎಂದಳು ಯಮನೂರಮ್ಮ. "ಕೊಳಿಯೂ ಮಾತು ಆಮ್ಯಾಲೆ."

ಹನ್ನೊಂದು ದಿನ ನಿಂತರು. ಬೆಳಕು ಹರಿದಾಗ ಇಳಿಯುವುದು, ಹೊತ್ತು ಮುಳುಗಿದಾಗ ಏರುವುದು. ಕತ್ತಲಲ್ಲಿ ಡ್ರೋನು ಹಾರುತ್ತಿರಲಿಲ್ಲ. ಎರಡೆರಡು ತಾಸಿಗೆ ಸಾಲು ಬದಲು. ಕಾಲ್ಬೆರಳ ಸಂದಿಯಲ್ಲಿ ಕೆಸರು ಹುಣ್ಣಾಯಿತು, ಬೇವಿನೆಣ್ಣೆ ಹಚ್ಚಿಕೊಂಡರು. ಎಳೆಕೂಸಿನ ತಾಯಂದಿರಿಗೆ ಬದುವಿನ ಮೇಲೆ ಸೀರೆಯ ಜೋಳಿಗೆ ಕಟ್ಟಿದರು. ಗಂಡಸರು ಒಲೆ ಹಚ್ಚಿದರು. ಬಾಳಪ್ಪನ ಜೋಳದ ರೊಟ್ಟಿ ಒಂದು ಮಗ್ಗುಲಿಗೆ ಸುಟ್ಟು ಇನ್ನೊಂದು ಮಗ್ಗುಲಿಗೆ ಹಸಿಯಿರುತ್ತಿತ್ತು. "ಇದರ ಹದ ಏನಬೇ, ಹಾಲೋ ಮೇಣೋ?" ಎಂದು ದ್ಯಾಮವ್ವ ಅವನ ಮುಂದೆಯೇ ಕೇಳಿದಳು. ಮೊದಲ ಮೂರು ದಿನ ಡ್ರೋನು ಬಂದು ತಿರುಗಿ ಹೋದವು. ನಾಲ್ಕನೆಯ ದಿನದಿಂದ ಬರಲಿಲ್ಲ. ಆದರೂ ನಂಬದೆ ನಿಂತರು. ಯಮನೂರಮ್ಮ ದಿನವೂ ಬೆಳಿಗ್ಗೆ ಒಂದು ಕಾಳು ಕಚ್ಚಿ ದೊಡ್ಡ ದನಿಯಲ್ಲಿ ಸಾಲಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಹಾಲು. ಹಾಲು. ದಪ್ಪಹಾಲು. ಹಿಟ್ಟು. ಎರಡು ಹಂಗಾಮಿನ ನಂತರ ಅವಳ ಮಾತು ಯಾರದೋ ಕಿವಿಗೆ ಹೋಗುತ್ತಿತ್ತು.

ಹನ್ನೊಂದನೆಯ ಬೆಳಿಗ್ಗೆ ಹಲ್ಲಿಗೆ ಹಾಲು ಹತ್ತಲಿಲ್ಲ. ಕಾಳು ಒಡೆಯಲೂ ಇಲ್ಲ. ಮೆತ್ತಗೆ ಬಾಗಿ ಹಲ್ಲಿನ ಗುರುತು ಹಿಡಿದುಕೊಂಡಿತು.

"ಮೇಣ!" ಎಂದಳು. ನಲವತ್ತಾರು ಹೆಂಗಸರು ಕೆಸರಿನಿಂದ ಕಾಲು ಕಿತ್ತರು. ಗರಿಗಳ ತುದಿ ತಾವಾಗಿಯೇ ಅರಿಶಿನಕ್ಕೆ ತಿರುಗಿದ್ದವು.

ಹನ್ನೆರಡನೆಯ ದಿನ ಆಕಾಶ ನೋಡುತ್ತ ಕೂತರು. ಹದಿಮೂರನೆಯ ದಿನವೂ. ಡ್ರೋನು ಬರಲಿಲ್ಲ. ಯಮನೂರಮ್ಮ ಫೋನು ಮಾಡಿದಾಗ ಎತ್ತಿದವಳು ಶಾಹೀನಾ. "ಮೂವತ್ತೊಂದು ಪಟ್ಟಿಯೊಳಗ ಇಲ್ಲಮ್ಮಾ. ಪರದೆ ಮ್ಯಾಲೆ ನಿಮ್ಮೂರಿಗೆ ಬಣ್ಣನ ಇಲ್ಲ ಈಗ. ಬೂದಿ ಬಣ್ಣ ಮಾಡ್ಯಾರ" ಎಂದಳು.

ಯಮನೂರಮ್ಮ ಫೋನು ಸೊಂಟಕ್ಕೆ ಸಿಕ್ಕಿಸಿ ಕೊಟ್ಟಿಗೆಗೆ ಹೋದಳು. ಗ್ವಾದಲಿಯೊಳಗಿನ ಹೊಟ್ಟು ಸರಿಸಿ ಕಲ್ಲುಗಳನ್ನು ಒಂದೊಂದಾಗಿ ಎತ್ತಿದಳು. ಮುಷ್ಟಿಯಷ್ಟು ಗಾತ್ರದ ಐದು ಕಲ್ಲು. ಬಾಳಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಅವನ್ನ ಎಲ್ಲಿಗೆ ಒಯ್ತಿ?"

"ಕಿತ್ತೋರ ಮನೀಗೆ."

"ಟ್ರ್ಯಾಕ್ಟರ್ ತರ್ಲಿ?" ಎಂದ ಬಾಳಪ್ಪ. ಹೊರಟವನು ತಿರುಗಿ, "ಅರಿಷಿಣ ನಾ ತರ್ತೀನಿ. ಈ ಸಲ ಎಲ್ಲಿ ಹಚ್ಚಬೇಕು ನೀನ ಹೇಳು" ಎಂದ.

ಮಾಗುಕೇಂದ್ರದ ಹಿಂದೆ ಕಾಂಕ್ರೀಟಿನ ದೊಡ್ಡ ಅಂಗಳ. ಅಲ್ಲಿ ಅರವತ್ತು ಡ್ರೋನುಗಳು ಸಾಲಾಗಿ ಕೂತು ಹೊಟ್ಟೆಗೆ ಕೀಲಿನೀರು ತುಂಬಿಸಿಕೊಳ್ಳುತ್ತವೆ. ಇಡೀ ಕಾಲುವೆಗೆ ಅಲ್ಲಿಂದಲೇ ಹಾರಬೇಕು. ಮರುದಿನ ಬೆಳಗಿನ ಎಂಟಕ್ಕೆ ಎರಡು ಟ್ರ್ಯಾಕ್ಟರು ಗೇಟಿನ ಮುಂದೆ ನಿಂತವು. ಯಮನೂರಮ್ಮನನ್ನು ಆರು ವರ್ಷದಿಂದ ಬಲ್ಲ ಕಾವಲುಗಾರ ಗೇಟು ತೆರೆದ. ಅವಳ ಹಿಂದೆ ನಲವತ್ತೈದು ಹೆಂಗಸರು, ತಲೆಯ ಮೇಲೆ ಹಸಿರು ತೆನೆಯ ಹೊರೆ ಹೊತ್ತು ಒಳಗೆ ಬಂದರು. ಕಾವಲುಗಾರ ಗೇಟು ಹಾಕುವುದನ್ನೇ ಮರೆತ.

ಅಂಗಳದ ನಟ್ಟನಡುವೆ ಕೂತು ಯಮನೂರಮ್ಮ ಉಡಿಯಿಂದ ಕಲ್ಲು ಇಳಿಸಿದಳು. ಐದನ್ನೂ ಸಾಲಾಗಿ ನಿಲ್ಲಿಸಿ ಸುಣ್ಣ ಬಳಿದಳು. ಬಾಳಪ್ಪ ಕೊಟ್ಟ ಅರಿಶಿನ ಹಚ್ಚಿದಳು. ಸುತ್ತ ಹೆಂಗಸರು ಹೊರೆ ಇಳಿಸಿ, ಡ್ರೋನುಗಳ ಸಾಲಿನ ನಡುನಡುವೆ, ನಾಟಿಯ ಅಳತೆಗೆ ಒಬ್ಬೊಬ್ಬರು ಕೂತರು.

ಒಂದು ಡ್ರೋನು ಮೊರೆಯಿತು, ಕೆಂಪು ದೀಪ ತೋರಿಸಿ ಸುಮ್ಮನಾಯಿತು. ಇನ್ನೊಂದು. ಮತ್ತೊಂದು. ಅರವತ್ತಕ್ಕೆ ಅರವತ್ತೂ ಕೆಂಪು ಕಣ್ಣು ಬಿಟ್ಟುಕೊಂಡು ನೆಲ ಹಿಡಿದು ಕೂತವು. ಒಳಗೆ ಫೋನುಗಳು ಬಡಿದುಕೊಳ್ಳತೊಡಗಿದವು. ಇಪ್ಪತ್ತೆರಡನೆಯ ಉಪಕಾಲುವೆ ಕಾಯುತ್ತಿದೆ, ಇಪ್ಪತ್ತೇಳು ಕಾಯುತ್ತಿದೆ, ಮಿಲ್ಲಿನ ಲಾರಿ ಕಾಯುತ್ತಿದೆ.

ಸೂಗರೆಡ್ಡಿ ಓಡುತ್ತ ಬಂದ. ಕನ್ನಡಕ ಕೈಯಲ್ಲೇ ಇತ್ತು. "ಏಳ್ರಿ! ಏಳ್ರಿ ಮೊದ್ಲು! ಇಡೀ ಕಾಲುವಿ ನಿಂತೈತಿ!"

"ನಮ್ಮದು ಎರಡು ದಿನದಿಂದ ನಿಂತೈತಿ. ಮೊದ್ಲು ಮೂವತ್ತೊಂದಕ್ಕ ಹೊಂಡೂ ಡ್ರೋನಿಗೆ ಹಾದಿ ಬಿಡ್ತೀವಿ, ಉಳಿದವು ಆಮ್ಯಾಲೆ" ಎಂದಳು ದ್ಯಾಮವ್ವ, ಕೂತಲ್ಲಿಂದಲೇ.

"ಪೊಲೀಸರ್ನ ಕರಸ್ತೀನಿ!"

"ಕರಸ್ರಿ. ಅವರಿಗೂ ಮೈಬಿಸಿ ಇರತೈತಿ" ಎಂದಳು ಯಮನೂರಮ್ಮ.

ವಸುಮತಿ ಮೆಟ್ಟಿಲಿಳಿದು ಬಂದು ಹೊರೆಯೊಂದರ ಮುಂದೆ ಕೂತಳು. ತೆನೆಯಿಂದ ಒಂದು ಕಾಳು ಕಿತ್ತು, ಸಿಪ್ಪೆ ಸೀಳಲು ಬರದೆ ಹಾಗೇ ಬಾಯಿಗೆ ಹಾಕಿ ಕಚ್ಚಿದಳು. ಭತ್ತದ ಮೇಲೆ ಇಪ್ಪತ್ತು ವರ್ಷ ಕೆಲಸ ಮಾಡಿದವಳು ಕಾಳು ಕಚ್ಚಿದ್ದು ಅದೇ ಮೊದಲು. ಕಾಳನ್ನು ಅಂಗೈಗೆ ತೆಗೆದು, ಅದರ ಮೇಲೆ ಬಿದ್ದ ತನ್ನ ಹಲ್ಲಿನ ಗುರುತನ್ನು ನೋಡುತ್ತ ಕೂತಳು.

"ಮೇಣ" ಎಂದಳು, ಯಾರಿಗೆಂದಿಲ್ಲದೆ.

ಸೂಗರೆಡ್ಡಿ ಅವಳನ್ನೂ ಕಲ್ಲುಗಳನ್ನೂ ನೋಡಿದ. ಒಳಗಿನ ಫೋನುಗಳ ಸದ್ದು ನಿಲ್ಲುತ್ತಿರಲಿಲ್ಲ. ದನಿ ತಗ್ಗಿಸಿ ಯಮನೂರಮ್ಮನ ಮುಂದೆ ಬಗ್ಗಿದ. "ಎಷ್ಟೊತ್ತು ಕುಂದರ್ತೀರಿ ಹಿಂಗ?"

ಯಮನೂರಮ್ಮ ಐದನೆಯ ಕಲ್ಲಿಗೆ ಕುಂಕುಮ ಇಟ್ಟು, ಕೈಗೆ ಅಂಟಿದ್ದನ್ನು ಕಾಂಕ್ರೀಟಿಗೆ ಒರೆಸಿದಳು.

"ನಮ್ಮ ನೆಲ್ಲು ಹಣ್ಣಾಗೂ ತನಕ."